ಗಂಡುನಾಯಿಗೊಂದು ಮಿತಿ: ಕೃತಕ ಗರ್ಭಧಾರಣೆ ಮತ್ತು ತಳಿಯ ಭವಿಷ್ಯ

ಹಸು ಎಮ್ಮೆಗಳ ಕೃತಕ ಗರ್ಭಧಾರಣೆ ಕರ್ನಾಟಕದ ಯಾವ ಹಳ್ಳಿಗೂ ಹೊಸ ಸಂಗತಿಯಲ್ಲ. ಬೆದೆಗೆ ಬಂದ ಹಸುವನ್ನು ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗುವುದು, ಇಲ್ಲವೇ ಡಾಕ್ಟರನ್ನೇ ಕೊಟ್ಟಿಗೆಗೆ ಕರೆಸುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ಸಂಗ್ರಹಿಸುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲೇ ಇದೆ. ಆದರೆ ಅದೇ ವಿಧಾನವನ್ನು ನಾಯಿಗೆ ಬಳಸುತ್ತಾರೆ ಎಂದರೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಬರುತ್ತದೆ. ಕೆಲವರು ಇದು ಪ್ರಕೃತಿಗೆ ವಿರುದ್ಧ, ಮೂಕಪ್ರಾಣಿಯ ಮೇಲಿನ ಹಿಂಸೆ ಎಂದು ಅಲ್ಲಿಗೇ ಮಾತು ಮುಗಿಸುತ್ತಾರೆ. ಇನ್ನು ಕೆಲವರಿಗೆ ವಿದೇಶದ ಚಾಂಪಿಯನ್ ನಾಯಿಯ ರಕ್ತ ಮನೆಬಾಗಿಲಿಗೆ ಬರುತ್ತದೆ ಎಂಬುದೇ ಸಾಕು. ಎರಡೂ ಕಡೆಯವರು ಬಿಟ್ಟುಬಿಡುವ ಪ್ರಶ್ನೆ ಒಂದಿದೆ. ಒಂದು ಗಂಡುನಾಯಿ ತನ್ನ ತಳಿಯ ಮುಂದಿನ ಪೀಳಿಗೆಯಲ್ಲಿ ಎಷ್ಟು ಪಾಲು ಪಡೆಯಬಹುದು? ಊರು, ಕಾಲ, ಸಾವು ಇವು ಈವರೆಗೆ ಆ ಪಾಲಿಗೆ ತಾವಾಗಿಯೇ ಮಿತಿ ಹಾಕುತ್ತಿದ್ದವು. ಕೃತಕ ಗರ್ಭಧಾರಣೆ ಆ ಮಿತಿಗಳನ್ನು ತೆಗೆದುಹಾಕುತ್ತದೆ. ಹಾಗಾಗಿ ಅದನ್ನು ಒಪ್ಪುವವರು ಆ ಜಾಗದಲ್ಲಿ ಮನುಷ್ಯರೇ ಮಾಡಿದ ಮಿತಿಯೊಂದನ್ನು ಇಡಲೇಬೇಕು. ಇಡದಿದ್ದರೆ ಒಳ್ಳೆಯ ಉಪಕರಣವೇ ತಳಿಯನ್ನು ಕೆಡಿಸುತ್ತದೆ ಎಂಬುದು ಇಂದು ನಾನು ಮಂಡಿಸುವ ವಾದ.

ಈ ವಿಧಾನದ ಚರಿತ್ರೆ ಶುರುವಾದದ್ದೇ ನಾಯಿಯಿಂದ. ಇಟಲಿಯ ಪಾವಿಯಾದಲ್ಲಿ ಪ್ರಾಧ್ಯಾಪಕನಾಗಿದ್ದ ಪಾದ್ರಿ ಲಾಜರೋ ಸ್ಪಲ್ಲಾಂಜಾನಿ 1780ರಲ್ಲಿ ಬೆದೆಗೆ ಬಂದ ಹೆಣ್ಣುನಾಯಿಯೊಂದನ್ನು ಯಾವ ಗಂಡೂ ಸೇರದಂತೆ ಕೂಡಿಹಾಕಿ, ಗಂಡುನಾಯಿಯ ವೀರ್ಯವನ್ನು ಪಿಚಕಾರಿಯಿಂದ ಅದರ ಗರ್ಭಕ್ಕೆ ಸೇರಿಸಿದ. 62 ದಿನಕ್ಕೆ ಅದು ಮೂರು ಮರಿ ಹಾಕಿತು. ಸಸ್ತನಿಗಳಲ್ಲಿ ಗಂಡು ಹೆಣ್ಣು ಕೂಡದೆಯೇ ಗರ್ಭ ನಿಂತದ್ದಕ್ಕೆ ನಮಗಿರುವ ಮೊದಲ ನೆಚ್ಚಬಹುದಾದ ದಾಖಲೆ ಇದು. ಹಿಮದಲ್ಲಿ ತಣಿಸಿದ ವೀರ್ಯಾಣುಗಳ ಚಲನೆ ನಿಂತು, ಬೆಚ್ಚಗಾದಾಗ ಮರಳುವುದನ್ನೂ ಅವನು 1776ರಲ್ಲೇ ಗುರುತಿಸಿದ್ದ. ಆದರೂ ಮುಂದಿನ ಓಟದಲ್ಲಿ ನಾಯಿ ಹಿಂದೆ ಬಿತ್ತು. 1949ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಸಾಯದೆ ಉಳಿಯುತ್ತದೆ ಎಂದು ಕಂಡುಕೊಂಡ ಮೇಲೆ ಹೈನುಗಾರಿಕೆಯ ಚಹರೆಯೇ ಬದಲಾಯಿತು. ಹೆಪ್ಪುಗಟ್ಟಿಸಿದ ವೀರ್ಯದಿಂದ ನಾಯಿಮರಿ ಹುಟ್ಟಿದ ವರದಿ ಬರಲು ಮಾತ್ರ 1969ರ ತನಕ ಕಾಯಬೇಕಾಯಿತು.

ಈ ವಿಳಂಬಕ್ಕೆ ಕಾರಣ ಹೆಣ್ಣುನಾಯಿಯ ದೇಹದಲ್ಲಿದೆ. ಹಸುವಿನ ಬೆದೆ ತಪ್ಪಿದರೆ 21 ದಿನ ಕಾದರೆ ಆಯಿತು. ಹೆಣ್ಣುನಾಯಿ ಬೆದೆಗೆ ಬರುವುದೇ ವರ್ಷಕ್ಕೆ ಒಂದೋ ಎರಡೋ ಸಲ. ಆ ಸರದಿ ತಪ್ಪಿದರೆ ಆರೇಳು ತಿಂಗಳು ಹೋದ ಹಾಗೆ. ರಕ್ತಸ್ರಾವ ಕಾಣಿಸಿಕೊಂಡ ಮೇಲೆ ಸರಾಸರಿ ಒಂಬತ್ತು ದಿನ ಅದು ಗಂಡನ್ನು ಹತ್ತಿರ ಸೇರಿಸುವುದಿಲ್ಲ, ಮುಂದಿನ ಒಂಬತ್ತು ದಿನ ಸೇರಿಸುತ್ತದೆ; ಆದರೆ ನಾಯಿಯಿಂದ ನಾಯಿಗೆ ಈ ಲೆಕ್ಕ ಬಹಳ ಏರುಪೇರಾಗುತ್ತದೆ. ಇದರ ಜೊತೆಗೆ ನಾಯಿಯ ಅಂಡಾಣು ಹೊರಬಿದ್ದ ಕೂಡಲೇ ಫಲಿಸಲಾರದು, ಬಲಿಯಲು ಇನ್ನೂ ಎರಡು ಮೂರು ದಿನ ಬೇಕು. ಸಹಜವಾಗಿ ಕೂಡಿದಾಗ ಇದರಿಂದ ತೊಂದರೆಯಿಲ್ಲ, ಏಕೆಂದರೆ ತಾಜಾ ವೀರ್ಯಾಣುಗಳು ಹೆಣ್ಣಿನ ಒಡಲಲ್ಲಿ ಐದಾರು ದಿನ ಬದುಕಿದ್ದು ಕಾಯಬಲ್ಲವು. ಹೆಪ್ಪುಗಟ್ಟಿಸಿ ಕರಗಿಸಿದವುಗಳ ಆಯುಷ್ಯವೋ 12ರಿಂದ 24 ಗಂಟೆ. ಹೀಗಾಗಿ ಪಶುವೈದ್ಯರು ಒಂದೆರಡು ದಿನಕ್ಕೊಮ್ಮೆ ರಕ್ತ ತೆಗೆದು ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪ್ರಮಾಣ ನೋಡುತ್ತಾರೆ. ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂಗಿಂತ ಕೆಳಗಿದ್ದದ್ದು ಐದರ ಆಸುಪಾಸಿಗೆ ಏರಿದಾಗ ಅಂಡಾಣು ಬಿಡುಗಡೆಯಾಗಿದೆ ಎಂದು ತಿಳಿದು, ಅಲ್ಲಿಂದ ಎರಡು ಮೂರು ದಿನ ಎಣಿಸುತ್ತಾರೆ. ಆ ದಿನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಅರ್ಧ ಮಿಲಿಲೀಟರಿನ ತೆಳ್ಳನೆಯ ಕೊಳವೆಗಳನ್ನು ತೆಗೆದು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಷ್ಟು ವೀರ್ಯಾಣು ಮುಂದಕ್ಕೆ ಈಜುತ್ತಿವೆ ಎಂದು ನೋಡಿಕೊಳ್ಳುತ್ತಾರೆ. ಅಷ್ಟು ಅಲ್ಪಾಯುಷಿ ವೀರ್ಯವನ್ನು ಯೋನಿಯಲ್ಲಿ ಬಿಟ್ಟರೆ ಸಾಲದು, ಗರ್ಭಕೋಶದ ಒಳಗೇ ಸೇರಿಸಬೇಕು; ಅದಕ್ಕೆ ಕ್ಯಾಮೆರಾ ಇರುವ ಸಣ್ಣ ಎಂಡೋಸ್ಕೋಪಿನ ನೆರವಿನಿಂದ ಗರ್ಭಕೊರಳನ್ನು ಹುಡುಕಿ ನಳಿಕೆ ತೂರಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಸಹಜ ಕೂಡಿಕೆಗಿಂತ ಗರ್ಭ ನಿಲ್ಲುವ ಸಂಭವ ಕಡಿಮೆ, ಮರಿಗಳ ಸಂಖ್ಯೆಯೂ ಕಡಿಮೆ.

ಇಷ್ಟು ತೊಡಕಿನ, ಇಷ್ಟು ದುಬಾರಿ ವಿಧಾನದಿಂದ ತಳಿಗೆ ಅದೇನು ಅಪಾಯ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ತಿರುಳಿದೆ. ಹೋರಿಯ ಒಂದೇ ಸಲದ ವೀರ್ಯದಿಂದ ನೂರಾರು ಹಸುಗಳಿಗೆ ಸಾಕಾಗುವಷ್ಟು ಕೊಳವೆ ತುಂಬಿಸಬಹುದು, ನಾಯಿಯದರಿಂದ ಕೆಲವೇ ಗರ್ಭಧಾರಣೆ ಸಾಧ್ಯ. ನಾಯಿ ಹೋರಿಯಲ್ಲ, ನಿಜ. ಆದರೆ ಹೋರಿಯಿಂದ ಕಲಿಯಬೇಕಾದ ಪಾಠ ಸಂಖ್ಯೆಯದಲ್ಲ, ಗುಪ್ತ ದೋಷದ್ದು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000ಕ್ಕೂ ಹೆಚ್ಚು ಹೆಣ್ಣು ಕರುಗಳು ಹುಟ್ಟಿದವು. ಹಾಲಿನ ಇಳುವರಿಯಲ್ಲಿ ಅದರ ಸಂತತಿಗೆ ಎಣೆಯಿರಲಿಲ್ಲ. ಅದರ ಒಂದು ಜೀನ್‌ನಲ್ಲಿ ದೋಷವಿತ್ತು. ತಾಯಿ ತಂದೆ ಎರಡೂ ಕಡೆಯಿಂದ ಅದನ್ನು ಪಡೆದ ಭ್ರೂಣ ಗರ್ಭದಲ್ಲೇ ಸಾಯುತ್ತಿತ್ತು. ಈ ದೋಷ ಯಾವುದೆಂದು ಪತ್ತೆಯಾಗುವ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಗರ್ಭಪಾತಗಳಾಗಿದ್ದವು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಹಾಲಿನ ಲಾಭ ಈ ನಷ್ಟವನ್ನು ಎಷ್ಟೋ ಪಟ್ಟು ಮೀರಿಸಿತ್ತು ಎಂಬುದನ್ನೂ ಮರೆಮಾಚಬಾರದು. ಆದರೆ ನಾಯಿಯ ವಿಷಯದಲ್ಲಿ ನಷ್ಟವನ್ನು ತುಂಬಿಕೊಡುವ ಹಾಲಿನ ಲೆಕ್ಕವಿಲ್ಲ. ಅಲ್ಲಿ ದೋಷ ಹೊತ್ತು ಹುಟ್ಟಿದ್ದು ಯಾರದೋ ಮನೆಯಲ್ಲಿ ಹತ್ತು ವರ್ಷ ನರಳುವ ಜೀವ.

ನಾಯಿ ತಳಿಗಳು ಕೃತಕ ಗರ್ಭಧಾರಣೆಯ ನೆರವಿಲ್ಲದೆಯೇ ಈ ಇಕ್ಕಟ್ಟಿಗೆ ಬಂದು ನಿಂತಿವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ತಳಿನಾಯಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ದಾಖಲೆಗಳಲ್ಲಿ ಹತ್ತು ತಳಿಗಳ ವಂಶಾವಳಿಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು. ಮೂರು ತಳಿಗಳನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಆರೇ ಪೀಳಿಗೆಯಲ್ಲಿ ಅಪರೂಪದ ಜೀನ್ ರೂಪಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕಳೆದುಹೋಗಿದ್ದವು. ಬ್ರಿಟನ್ನಿನ ಸುಮಾರು ಹತ್ತು ಸಾವಿರ ಪಗ್ ನಾಯಿಗಳಲ್ಲಿದ್ದ ಆನುವಂಶಿಕ ವೈವಿಧ್ಯ ಐವತ್ತು ನಾಯಿಗಳಲ್ಲಿರಬಹುದಾದಷ್ಟು ಮಾತ್ರ. ಹೆಣ್ಣುಗಳ ಕೊರತೆ ಇದಕ್ಕೆ ಕಾರಣವಲ್ಲ. ನಾಯಿ ಪ್ರದರ್ಶನದಲ್ಲಿ ಗೆದ್ದ ಬೆರಳೆಣಿಕೆಯ ಗಂಡುಗಳಿಗೆ ಎಲ್ಲರೂ ಮುಗಿಬಿದ್ದದ್ದು, ಉಳಿದ ಗಂಡುಗಳು ಮರಿಯಿಲ್ಲದೆ ಮುದಿಯಾದದ್ದು ಕಾರಣ. ಒಂದು ಹೆಣ್ಣುನಾಯಿ ಜೀವಮಾನದಲ್ಲಿ ನಾಲ್ಕೈದು ಸೂಲು ಹಾಕಿದರೆ ಹೆಚ್ಚು, ಗಂಡಿಗೆ ಅಂಥ ಮಿತಿಯೇ ಇಲ್ಲ. ಹಾಗಿದ್ದರೂ ಹಳೆಯ ಕ್ರಮದಲ್ಲಿ ಒಂದು ಊರಿನ ಚಾಂಪಿಯನ್ ಇನ್ನೊಂದು ಖಂಡದ ಚಾಂಪಿಯನ್ ಆಗುತ್ತಿರಲಿಲ್ಲ. ಅದು ಸತ್ತ ಮೇಲೆ ಬೇರೆ ಗಂಡಿಗೆ ಅವಕಾಶ ಸಿಗುತ್ತಿತ್ತು. ಹೆಪ್ಪುಗಟ್ಟಿಸಿದ ವೀರ್ಯ ಬಂದ ಮೇಲೆ ಅದೇ ಹೆಸರು ಹಲವು ದೇಶಗಳ ವಂಶಾವಳಿಯಲ್ಲಿ, ಹಲವು ದಶಕಗಳ ಕಾಲ ಮತ್ತೆ ಮತ್ತೆ ಬರಬಹುದು. ಒಂದು ನಾಯಿಯಿಂದ ಕೆಲವೇ ಕೊಳವೆ ಸಿಗುತ್ತದೆ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಮೊದಲೇ ಕಿರಿದಾದ ತಳಿಗೆ ಕೆಲವೇ ಸೂಲುಗಳ ಹೆಚ್ಚಳವೂ ಭಾರ.

ಈಗ ಹಿಂಸೆಯ ಆಕ್ಷೇಪಕ್ಕೆ ಬರುತ್ತೇನೆ, ಏಕೆಂದರೆ ಅದು ಪ್ರಾಮಾಣಿಕವಾದದ್ದು. ಕೃತಕ ಗರ್ಭಧಾರಣೆ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕ್ರಿಯೆಗಳಿವೆ, ಅವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೊಟ್ಟೆ ಕೊಯ್ದು ಗರ್ಭಕೋಶಕ್ಕೆ ನೇರವಾಗಿ ವೀರ್ಯ ಚುಚ್ಚುವ ಪದ್ಧತಿಗೆ ಬ್ರಿಟನ್ನಿನಲ್ಲಿ ಅನುಮತಿಯಿಲ್ಲ, ಅದು ಸರಿಯಾದ ನಿಲುವು; ಮರಿಯ ಆಸೆಗಾಗಿ ಆರೋಗ್ಯವಂತ ಪ್ರಾಣಿಗೆ ಅರಿವಳಿಕೆ ಕೊಟ್ಟು ಕೊಯ್ಯುವುದಕ್ಕೆ ಬೇರೆ ದಾರಿಯಿರುವಾಗ ಸಮರ್ಥನೆಯಿಲ್ಲ. ನುರಿತ ವೈದ್ಯರು ನಿಂತ ನಾಯಿಗೆ ಅರಿವಳಿಕೆಯಿಲ್ಲದೆ ಮಾಡುವ ಎಂಡೋಸ್ಕೋಪಿನ ವಿಧಾನ ಹಾಗಲ್ಲ. ಸಹಜ ಕೂಡಿಕೆ ಎಂದರೆ ಸೌಮ್ಯವಾದದ್ದು ಎಂಬ ಕಲ್ಪನೆಯೂ ಪೂರ್ತಿ ಸರಿಯಲ್ಲ. ಒಲ್ಲದ ಹೆಣ್ಣನ್ನು ನಾಲ್ಕು ಜನ ಹಿಡಿದು, ಬಾಯಿ ಕಟ್ಟಿ ಗಂಡಿನ ಮುಂದೆ ನಿಲ್ಲಿಸುವುದು ಸಹಜ ಎನಿಸಿಕೊಳ್ಳುವುದಿಲ್ಲ. ಬೀದಿನಾಯಿಗಳಲ್ಲಿ ಕೂಡುವಾಗ ಹರಡುವ ಜನನಾಂಗದ ಗಡ್ಡೆರೋಗ ನಮ್ಮ ದೇಶದ ಪಶುವೈದ್ಯರಿಗೆ ಚಿರಪರಿಚಿತ. ಗಂಡು ಹೆಣ್ಣು ಮುಟ್ಟದಿದ್ದರೆ ಅದು ದಾಟುವ ದಾರಿ ಮುಚ್ಚುತ್ತದೆ. ಬ್ರುಸೆಲ್ಲಾ ರೋಗಾಣು ಮಾತ್ರ ವೀರ್ಯದಲ್ಲೇ ಬರುವುದರಿಂದ ಗಂಡಿನ ರಕ್ತ ಪರೀಕ್ಷೆಯಿಲ್ಲದೆ ಯಾವ ವಿಧಾನವೂ ಸುರಕ್ಷಿತವಲ್ಲ. ಹಿಂಸೆಯನ್ನು ಅಳೆಯಬೇಕಾದದ್ದು ಆ ಹೆಣ್ಣುನಾಯಿಗೆ ಎಷ್ಟು ನೋವು, ಎಷ್ಟು ಭಯ, ಎಷ್ಟು ಅಪಾಯ ಎಂಬುದರಿಂದ. ಉಪಕರಣ ಬಳಸಿದರೋ ಇಲ್ಲವೋ ಎಂಬುದು ಅದಕ್ಕೆ ಅಳತೆಗೋಲಲ್ಲ.

ಆದರೆ ಪ್ರಕೃತಿಯ ಹೆಸರಿನಲ್ಲಿ ಎತ್ತುವ ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ತಾನಾಗಿ ಕೂಡಲಾರದ, ತಾನಾಗಿ ಹೆರಲಾರದ ಪ್ರಾಣಿಯನ್ನು ಯಂತ್ರದ ಬಲದಿಂದ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಬಹುದೇ? ಇಂಗ್ಲಿಷ್ ಬುಲ್‌ಡಾಗ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಅಗಲವಾದ ಎದೆ, ಗಿಡ್ಡ ಕಾಲು, ಕಿರಿದಾದ ಸೊಂಟ, ಉಸಿರು ಕಟ್ಟುವ ಮೂತಿ, ಇವುಗಳಿಂದಾಗಿ ಅನೇಕ ಬುಲ್‌ಡಾಗ್‌ಗಳಿಗೆ ಕೂಡುವ ಶ್ರಮವೇ ಮೀರಿದ್ದು. ದಪ್ಪ ತಲೆಯ ಮರಿ ತಾಯಿಯ ಸೊಂಟದ ಮೂಳೆಯ ನಡುವೆ ನುಸುಳುವುದಿಲ್ಲ. ಬ್ರಿಟನ್ನಿನ ತಳಿಗಳ ಹೆರಿಗೆಯ ಬಗ್ಗೆ 2010ರಲ್ಲಿ ಬಂದ ಸಮೀಕ್ಷೆಯಲ್ಲಿ ಬುಲ್‌ಡಾಗ್ ಸೂಲುಗಳಲ್ಲಿ ಶೇಕಡಾ 86, ಬೋಸ್ಟನ್ ಟೆರಿಯರ್‌ನಲ್ಲಿ ಶೇಕಡಾ 92, ಫ್ರೆಂಚ್ ಬುಲ್‌ಡಾಗ್‌ನಲ್ಲಿ ಶೇಕಡಾ 81 ಸಿಸೇರಿಯನ್ ಮೂಲಕ ಆಗಿದ್ದವು. ಒಂದು ತುದಿಗೆ ನಳಿಕೆ, ಇನ್ನೊಂದು ತುದಿಗೆ ಚಾಕು ಎಂಬಂತಾದರೆ ಆ ದೇಹದ ಆಕಾರವನ್ನು ತಿದ್ದುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ಕೂಡಲಾರದ ಗಂಡಿನ ಮಗನೂ ಕೂಡಲಾರದು. ಅದಕ್ಕೂ ನಳಿಕೆಯೇ ಗತಿ. ನಾಯಿ ಸಾಕಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ತನ್ನ ನಿಯಮಗಳಲ್ಲಿ, ಒಮ್ಮೆಯೂ ಸಹಜವಾಗಿ ಸಂತಾನ ಪಡೆಯದ ನಾಯಿಗೆ ಕೃತಕ ಗರ್ಭಧಾರಣೆ ಮಾಡಬಾರದು ಎಂದಿರುವುದು ಈ ಕಾರಣಕ್ಕೆ. ತಳಿಯ ಆನುವಂಶಿಕ ಆರೋಗ್ಯ, ವೈವಿಧ್ಯಗಳ ಸಲುವಾಗಿ ವಿನಾಯಿತಿ ಕೊಡುವ ಅವಕಾಶವನ್ನೂ ಅದು ಇಟ್ಟುಕೊಂಡಿದೆ. ನನ್ನ ದೃಷ್ಟಿಯಲ್ಲಿ ಇದು ಬಹಳ ಒಳ್ಳೆಯ ನಿಯಮ. ದೂರ ಅಡ್ಡಬಂದರೆ ನಳಿಕೆ ಸರಿ, ದೇಹವೇ ಅಡ್ಡಬಂದರೆ ಆ ನಾಯಿಯ ವಂಶ ಅಲ್ಲಿಗೆ ನಿಲ್ಲುವುದೇ ಸರಿ.

ಇಷ್ಟು ಎಚ್ಚರಿಕೆ ಹೇಳಿದ ಮೇಲೆ ಈ ವಿಧಾನವನ್ನೇ ಬಿಟ್ಟುಬಿಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರಕ್ಕಾಗಿ ನಾಯಿಯ ಆಚೆಗೆ ನೋಡಬೇಕು. ಉತ್ತರ ಅಮೆರಿಕದ ಕಪ್ಪುಪಾದದ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿ 1980ರ ದಶಕದಲ್ಲಿ ರೋಗಕ್ಕೆ ಸಿಕ್ಕಿ ಹದಿನೆಂಟಕ್ಕೆ ಇಳಿದಿತ್ತು. ಇಂದಿನ ಸಂತತಿ ಬಹುತೇಕ ಬಂದದ್ದು ಅವುಗಳಲ್ಲಿ ಏಳರಿಂದ. ಆಗ ಕೆಲವು ಗಂಡುಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಹತ್ತರಿಂದ ಇಪ್ಪತ್ತು ವರ್ಷ ಕಳೆದ ಮೇಲೆ ಅದನ್ನು ಬಳಸಿ ಎಂಟು ಮರಿ ಪಡೆದಾಗ, ಕಳೆದುಹೋಗುತ್ತಿದ್ದ ಆನುವಂಶಿಕ ವೈವಿಧ್ಯದ ಒಂದು ಪಾಲು ಸಂತತಿಗೆ ಮರಳಿತು. ಹೋಲ್‌ಸ್ಟೀನ್ ಹಸುಗಳನ್ನು ಕಿರಿದಾಗಿಸಿದ ಉಪಕರಣವೇ ಫೆರೆಟ್‌ಗಳನ್ನು ಹಿಗ್ಗಿಸಿತು. ವ್ಯತ್ಯಾಸ ಇದ್ದದ್ದು ಯಾವ ಗಂಡನ್ನು ಆರಿಸಿದರು ಎಂಬುದರಲ್ಲಿ. ಒಂದು ಕಡೆ ಎಲ್ಲರಿಗೂ ಬೇಕಾದ ಗಂಡು, ಇನ್ನೊಂದು ಕಡೆ ಸಂತತಿಯಲ್ಲಿ ಪಾಲು ಕಳೆದುಕೊಂಡ ಗಂಡು. ನಾಯಿಗಳಿಗೆ ಇದರಲ್ಲಿ ಇನ್ನೂ ಒಂದು ಅನುಕೂಲವಿದೆ. ಹೃದಯದ ಸ್ನಾಯುರೋಗ, ಕೆಲವು ಕ್ಯಾನ್ಸರುಗಳು, ಕುರುಡು ತರುವ ಕೆಲವು ಕಣ್ಣಿನ ರೋಗಗಳು ತಲೆದೋರುವುದು ನಾಯಿಗೆ ನಡುವಯಸ್ಸು ದಾಟಿದ ಮೇಲೆ. ಅಷ್ಟರಲ್ಲಿ ಅದು ಮರಿಗಳಿಗೆ ತಂದೆಯಾಗಿ ಆಗಿರುತ್ತದೆ. ವೀರ್ಯವನ್ನು ಹರೆಯದಲ್ಲಿ ಸಂಗ್ರಹಿಸಿ, ಆ ನಾಯಿ ಹತ್ತು ಹನ್ನೆರಡು ವರ್ಷ ಆರೋಗ್ಯವಾಗಿ ಬಾಳಿತೇ ಎಂದು ನೋಡಿ, ಆಮೇಲೆ ಬಳಸುವ ತಾಳ್ಮೆ ತೋರಿದರೆ ತಳಿಯ ಆಯುಷ್ಯವೇ ಹೆಚ್ಚೀತು. ಬೇರೆ ಯಾವ ವಿಧಾನವೂ ಕೊಡದ ಈ ಅವಕಾಶವನ್ನು ಅವಸರದ ಮಾರುಕಟ್ಟೆ ಬಳಸಿಕೊಂಡದ್ದು ಬಹಳ ಕಡಿಮೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಹಾಗಾದರೆ ಮಿತಿ ಎಷ್ಟಿರಬೇಕು, ಹಾಕುವವರು ಯಾರು? ಐದು ವರ್ಷದಲ್ಲಿ ಒಂದು ತಳಿಯಲ್ಲಿ ನೋಂದಣಿಯಾದ ಮರಿಗಳ ಸಂಖ್ಯೆಯ ಶೇಕಡಾ ಐದಕ್ಕಿಂತ ಹೆಚ್ಚು ಮರಿಗಳು ಒಂದೇ ನಾಯಿಯವಾಗಿರಬಾರದು ಎಂದು ಎಫ್‌ಸಿಐ ಶಿಫಾರಸು ಮಾಡಿದೆ. ಆರಂಭಕ್ಕೆ ಇದು ಒಳ್ಳೆಯ ಅಳತೆ. ಸಣ್ಣ ತಳಿಗಳಲ್ಲಿ ಇನ್ನೂ ಬಿಗಿ ಮಾಡಬಹುದು. ಆದರೆ ಶಿಫಾರಸು ಬೇರೆ, ನಿಯಮ ಬೇರೆ. ನಿಯಮಕ್ಕೆ ಬಲ ಬರುವುದು ನೋಂದಣಿ ಪುಸ್ತಕದಿಂದ. ಎರಡು ಸಿಸೇರಿಯನ್ ಆದ ಹೆಣ್ಣಿನ ಮುಂದಿನ ಸೂಲನ್ನು ನೋಂದಾಯಿಸುವುದಿಲ್ಲ ಎಂದು ಬ್ರಿಟನ್ನಿನ ಕೆನಲ್ ಕ್ಲಬ್ 2012ರಲ್ಲಿ ತೀರ್ಮಾನಿಸಿತು. ಯಾರ ಮನೆಗೂ ಪೊಲೀಸರು ಹೋಗಬೇಕಾಗಲಿಲ್ಲ. ಕಾಗದವಿಲ್ಲದ ಮರಿಗೆ ಬೆಲೆ ಬಾರದು, ಅಷ್ಟೇ. ಗಂಡಿನ ವಿಷಯದಲ್ಲೂ ಇದೇ ದಾರಿ ಸಾಧ್ಯ. ಅಮೆರಿಕನ್ ಕೆನಲ್ ಕ್ಲಬ್ ಪದೇಪದೇ ಬಳಸುವ ಗಂಡುಗಳಿಗೂ ಶೈತ್ಯೀಕರಿಸಿದ ವೀರ್ಯದ ದಾನಿಗಳಿಗೂ ಡಿಎನ್‌ಎ ದಾಖಲೆ ಕಡ್ಡಾಯ ಮಾಡಿದೆ, ಹಾಗಾಗಿ ಎಣಿಸುವುದು ತಾಂತ್ರಿಕವಾಗಿ ಕಷ್ಟವಲ್ಲ. ಅತ್ಯುತ್ತಮ ಗಂಡನ್ನೇ ಹೆಚ್ಚು ಬಳಸಿದರೆ ತಪ್ಪೇನು, ಅದರಿಂದಲೇ ಅಲ್ಲವೇ ತಳಿ ಸುಧಾರಿಸುವುದು ಎಂದು ಸಾಕುವವರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಒಂದು ನಾಯಿ ಅತ್ಯುತ್ತಮ ಎಂದು ತೀರ್ಪು ಕೊಡುವುದು ಅದರ ಮೂರನೆಯ ವರ್ಷದಲ್ಲಿ, ಹೊರನೋಟದ ಮೇಲೆ. ಅದು ಮರೆಯಲ್ಲಿ ಹೊತ್ತಿರುವ ದೋಷ ಬೆಳಕಿಗೆ ಬರುವುದು ಮೊಮ್ಮಕ್ಕಳು ಒಂದರೊಡನೊಂದು ಕೂಡಿದಾಗ. ಆ ಹೊತ್ತಿಗೆ ದೋಷವಿಲ್ಲದ ಬೇರೆ ಗಂಡಿನ ವಂಶ ಉಳಿದಿದ್ದರೆ ಮಾತ್ರ ತಿದ್ದಿಕೊಳ್ಳಲು ದಾರಿ. ಡಾಲ್ಮೇಷಿಯನ್ ತಳಿಯಲ್ಲಿ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿಸಿ ಕಲ್ಲುಗಟ್ಟಿಸುವ ಜೀನ್ ಇಡೀ ತಳಿಯನ್ನೇ ವ್ಯಾಪಿಸಿಕೊಂಡಿತ್ತು. ಸರಿಯಾದ ಜೀನನ್ನು ತರಲು 1970ರ ದಶಕದಲ್ಲಿ ಪಾಯಿಂಟರ್ ಎಂಬ ಬೇರೆ ತಳಿಯೊಡನೆ ಕೂಡಿಸಬೇಕಾಯಿತು, ಆ ಸಂತತಿಯನ್ನು ಅಮೆರಿಕನ್ ಕೆನಲ್ ಕ್ಲಬ್ ಒಪ್ಪಲು 2011ರ ತನಕ ಹಿಡಿಯಿತು.

ನಮ್ಮ ನಾಡಿನ ಮುಧೋಳ ನಾಯಿಗೆ ಈ ಮಾತುಗಳು ನೇರವಾಗಿ ಅನ್ವಯಿಸುತ್ತವೆ. ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ, 2016ರಲ್ಲಿ ಮೇರಠಿನ ಸೇನಾ ಕೇಂದ್ರಕ್ಕೆ ಮರಿಗಳನ್ನು ಕಳಿಸಿದ ತಳಿ ಇದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಪ್ರಧಾನಿಯವರು 2020ರ ಆಗಸ್ಟ್ ತಿಂಗಳ ಆಕಾಶವಾಣಿ ಭಾಷಣದಲ್ಲಿ ಈ ತಳಿಯನ್ನು ಹೆಸರಿಸಿದ್ದರಿಂದ ಇದರ ಕೀರ್ತಿ ಇನ್ನಷ್ಟು ದೂರ ಹಬ್ಬಿತು. ತೆಳುಮೈ, ಉದ್ದ ಕಾಲು, ಆಳವಾದ ಎದೆಯ ಈ ಬೇಟೆನಾಯಿ ತಾನಾಗಿ ಕೂಡುತ್ತದೆ, ತಾನಾಗಿ ಹೆರುತ್ತದೆ. ಬುಲ್‌ಡಾಗ್‌ನ ಸಂಕಟ ಇದಕ್ಕಿಲ್ಲ. ಹಾಗಾಗಿ ಮರಿ ಹುಟ್ಟಿಸುವ ಸಲುವಾಗಿ ಇದಕ್ಕೆ ಕೃತಕ ಗರ್ಭಧಾರಣೆ ಬೇಕಿಲ್ಲ. ಇದಕ್ಕೆ ಬೇಕಾದದ್ದು ವೀರ್ಯ ಸಂಗ್ರಹ. ಕೀರ್ತಿ ಬಂದ ತಳಿಯಲ್ಲಿ ಚೆಂದ ಕಂಡ ಗಂಡಿನ ಹಿಂದೆ ಎಲ್ಲರೂ ಬೀಳುವುದು ಎಲ್ಲ ದೇಶಗಳ ಅನುಭವ. ಹಳ್ಳಿಗಳಲ್ಲಿ ಲಸಿಕೆಯಿಲ್ಲದೆ ಬೆಳೆಯುವ ಮರಿಗಳಿಗೆ ಪಾರ್ವೋ, ಡಿಸ್ಟೆಂಪರ್ ಬಡಿದರೆ ಒಂದು ಓಣಿಯ ವಂಶವೇ ಅಳಿಯಬಹುದು.

2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳ ಸಂಖ್ಯೆ ಸುಮಾರು 1.53 ಕೋಟಿ ಇರುವಾಗ ನಾಯಿಯ ವೀರ್ಯಕ್ಕೆ ಸಾರ್ವಜನಿಕ ಹಣ ಏಕೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಸಂಗ್ರಹ ಮರಿಗಳ ಸಂಖ್ಯೆಯನ್ನು ಹೆಚ್ಚಿಸುವುದಿಲ್ಲ. ಒಂದು ವಂಶ ಉಳಿಯಬೇಕಾದರೆ ಇಂದು ಅದರ ಮರಿ ಹುಟ್ಟಿಸಿ, ಆ ಮರಿಗಳಿಗೆ ಮನೆ ಹುಡುಕುತ್ತಲೇ ಇರಬೇಕು. ವೀರ್ಯ ಸಾರಜನಕದಲ್ಲಿದ್ದರೆ ಮರಿ ಹುಟ್ಟಿಸದೆಯೂ ವಂಶವನ್ನು ಉಳಿಸಬಹುದು. ಈ ಕೆಲಸ ವ್ಯಾಪಾರಿ ಕೆನಲ್‌ಗಳದ್ದಾಗಬಾರದು. ಪಶುವೈದ್ಯರ ಕೈಯಲ್ಲಿ, ಕಾನೂನು ಒಪ್ಪುವ ಚೌಕಟ್ಟಿನೊಳಗೆ, ಸಾರ್ವಜನಿಕ ಸಂಸ್ಥೆಯೊಂದು ಹೊರಬೇಕಾದ ಹೊಣೆ. ಸಂಗ್ರಹಕ್ಕೆ ಆರಿಸುವಾಗ ಬಹುಮಾನ ಗೆದ್ದ ಐದಾರು ಗಂಡುಗಳನ್ನು ತರುವುದಲ್ಲ. ಮುಧೋಳ, ಜಮಖಂಡಿ ಸುತ್ತಲಿನ ಊರೂರಿನಿಂದ, ಒಂದಕ್ಕೊಂದು ನಂಟಿಲ್ಲವೆಂದು ಡಿಎನ್‌ಎ ಪರೀಕ್ಷೆ ಹೇಳುವ ಗಂಡುಗಳನ್ನು ಹುಡುಕಬೇಕು. ಬೇಟೆಗೆ ಹೋಗುವ, ಕುರಿಹಟ್ಟಿ ಕಾಯುವ, ಪ್ರದರ್ಶನದ ಮೈದಾನವನ್ನೇ ಕಾಣದ ನಾಯಿಗಳು ಅವುಗಳಲ್ಲಿ ಹೆಚ್ಚಿರಬೇಕು. ಕೊಳವೆಯ ಮೇಲೆ ನಾಯಿಯ ಗುರುತಿನ ಸಂಖ್ಯೆ, ಬ್ರುಸೆಲ್ಲಾ ಪರೀಕ್ಷೆಯ ದಿನಾಂಕ ಇರಬೇಕು. ಪುಸ್ತಕದಲ್ಲಿ ಆ ನಾಯಿ ಎಷ್ಟು ವರ್ಷ ಬಾಳಿತು, ಯಾವ ರೋಗದಿಂದ ಸತ್ತಿತು, ಮಕ್ಕಳಿಗೆ ಏನಾಯಿತು ಎಂಬುದನ್ನು ಅದು ಸತ್ತ ಮೇಲೂ ಬರೆಯುತ್ತಲೇ ಇರಬೇಕು. ದೋಷ ಕಂಡರೆ ಕೊಳವೆಗಳನ್ನು ಬೇರೆಯಾಗಿಸಬೇಕು. ಸಾಕಿದವರ ಹೆಸರು ದಾಖಲೆಯಲ್ಲಿ ಉಳಿಯಬೇಕು, ವೀರ್ಯ ಕೊಟ್ಟ ಗಂಡಿನ ಲಸಿಕೆ ಮತ್ತು ಚಿಕಿತ್ಸೆಯ ವೆಚ್ಚವನ್ನು ಅದರ ಜೀವಮಾನವಿಡೀ ಸಂಸ್ಥೆ ಭರಿಸಬೇಕು. ಒಂದು ಗಂಡಿನಿಂದ ಒಟ್ಟು ಎಷ್ಟು ಸೂಲು ಎಂಬ ಅಂಕಿಯನ್ನು ಮೊದಲ ಕೊಳವೆ ತುಂಬುವ ಮುಂಚೆಯೇ ಬರೆದಿಡಬೇಕು. ಒಮ್ಮೆ ಹೆಸರುವಾಸಿಯಾದ ಗಂಡಿಗೆ ಆಮೇಲೆ ಮಿತಿ ಹಾಕಲು ಹೊರಟರೆ ಅದರ ಒಡೆಯರೂ, ಮರಿಗಾಗಿ ಸಾಲುಗಟ್ಟಿದವರೂ ಬಿಡುವುದಿಲ್ಲ.